ಆ ಟೋಪನ್‌ಗಳು ಬೊಂಬಾಯಿಯವಲ್ಲ

ಆಕೆಯ ಎಡಗೈ ಹೆಬ್ಬೆರಳಿನ ಉಗುರಿನ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇತ್ತು. ಏಟು ಬಿದ್ದು ಆದದ್ದಲ್ಲ. ಕೂದಲೆಳೆಯನ್ನು ಅದೇ ಜಾಗದ ಮೇಲೆ ಹಿಡಿದು, ಬಿಗಿದು, ಗಂಟು ಹಾಕಿ, ಮತ್ತೆ ಇನ್ನೊಂದನ್ನು ಹಿಡಿದು, ಹೀಗೆ ಒಂದು ಆಯುಷ್ಯ ಕಳೆದದ್ದರಿಂದ ಬಿದ್ದ ಕಚ್ಚು. ಉಗುರು ಬೆಳೆದಂತೆ ಕತ್ತರಿಸುತ್ತಿದ್ದಳು. ಹೊಸ ಉಗುರಿನಲ್ಲೂ ಕಚ್ಚು ಅದೇ ಜಾಗಕ್ಕೆ ಬಂದು ಕೂಡುತ್ತಿತ್ತು. ಕೆಲಸಕ್ಕೆ ಕುಳಿತಾಗ ಬಾಯಲ್ಲಿ ಮೂರು ಪಿನ್ನು, ತಲೆಯ ಮೇಲೆ ಕಿವಿ ಮುಚ್ಚುವ ಹಾಗೆ ಸೆರಗು, ತೊಡೆಯ ಮೇಲೆ ಒಂದು ಕಟ್ಟಿಗೆಯ ತಲೆ. ಕಿನ್ನಾಳದ ಬಡಿಗನೊಬ್ಬನಿಂದ ಕೆತ್ತಿಸಿಕೊಂಡ ಆ ತಲೆಗೆ ಕಣ್ಣು, ಮೂಗು ಇರಲಿಲ್ಲ. ಹಣೆ ಮಾತ್ರ ಇತ್ತು. ಆಕೆಗೆ ಬೇಕಾದದ್ದು ಅಷ್ಟೇ.

ನಾನು ಆಕೆಯನ್ನು ಅಕ್ಕ ಎನ್ನುತ್ತಿದ್ದೆ. ಒಡಹುಟ್ಟಿದವಳಲ್ಲ, ಕೊಪ್ಪಳದ ಮಗ್ಗುಲಿನ ಭಾಗ್ಯನಗರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಆಮೇಲೆ ನಾನು ಗಂಗಾವತಿಗೆ ಬಂದು ಹಳ್ಳಿಯ ನಾಟಕಗಳಿಗೆ ಪರದೆ, ಪೋಷಾಕು, ಕಿರೀಟ, ಟೋಪನ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟೆ. ನಟರು ತಲೆಗೆ ಹಾಕಿಕೊಳ್ಳುವ ಕಟ್ಟಿದ ಕೂದಲಿಗೆ ನಮ್ಮ ಕಡೆ ಟೋಪನ್ ಎನ್ನುತ್ತಾರೆ. ಈಗ ಅಂಗಡಿ ಮುಚ್ಚಿ ಬಹಳ ದಿನವಾಯಿತು. ಮೊನ್ನೆ ನಾಟಕ ಮಂಡಳಿಯ ಇಬ್ಬರು ಮನೆಗೆ ಬಂದಿದ್ದರು. ಸ್ಮರಣ ಸಂಚಿಕೆ ತರುತ್ತಿದ್ದಾರಂತೆ.

"ಯಜಮಾನ್ರ, ನಿಮ್ಮ ರಂಗಸೇವಾದ ಬಗ್ಗೆ ನಾಕು ಪುಟ ಬರದು ಕೊಡ್ರಿ. ಅದರಾಗೂ ನಿಮ್ಮ ಟೋಪನ್ ಬಗ್ಗೆ ಬರೀರಿ. ಆ ಕಾಲದಾಗ ಇಡೀ ಜಿಲ್ಲಾದಾಗ ಅಂಥಾ ಮಾಲ ಯಾರ ಕಡೆನೂ ಇರಲಿಲ್ಲ ಅಂತಾರ."

ನಿಮ್ಮ ಟೋಪನ್. ಆ ಮಾತು ಕೇಳಿ ಮೈ ಉರಿಯಿತು. ಅವರ ತಪ್ಪೇನೂ ಇಲ್ಲ. ಅವರಿಗೆ ಹಾಗೆ ತಿಳಿಸಿದವನು ನಾನು. ನಾಲ್ಕು ಪುಟ ಬರೆದಿದ್ದೇನೆ, ಇವೇ ಅವು. ಅಚ್ಚು ಹಾಕುವ ಧೈರ್ಯ ಇದ್ದರೆ ಹಾಕಲಿ.

ಅಕ್ಕನಿಗೆ ಏಳೆಂಟು ವರ್ಷವಿದ್ದಾಗ ತಲೆಯ ತುಂಬ ಹುಣ್ಣೆದ್ದವು. ಯಾರೋ ಹೇಳಿದರು ಅಂತ ಅವರ ಮನೆಯವರು ಏನನ್ನೋ ಕಾಸಿ ಹಚ್ಚಿದರು. ಹುಣ್ಣು ಮಾಯ್ದವು, ಕೂದಲು ಮಾತ್ರ ಮತ್ತೆ ಬರಲಿಲ್ಲ. ಅಲ್ಲೊಂದು ಇಲ್ಲೊಂದು ಎಳೆ, ಉಳಿದದ್ದೆಲ್ಲ ಸುಟ್ಟ ಹಾಗೆ ನುಣುಪಾದ ಚರ್ಮ. ಓಣಿಯಲ್ಲಿ ಆಕೆ ನೀರಿಗೆ ಹೊರಟರೆ ಬೆಳಿಗ್ಗೆ ಕೆಲಸಕ್ಕೆ ಹೊರಟ ಗಂಡಸರು ಒಂದು ಗಳಿಗೆ ನಿಂತು, ಆಕೆ ದಾಟಿದ ಮೇಲೆ ಹೋಗುತ್ತಿದ್ದರು. ಮದುವೆಯ ವಯಸ್ಸೇ ಬಾರದ ಹುಡುಗಿಗೆ ಗಂಡ ಸತ್ತವಳಿಗೆ ಅನ್ನುವ ಮಾತು ಅಂದರು. ನಾನು ಅದನ್ನು ಇಲ್ಲಿ ಬರೆಯುವುದಿಲ್ಲ. ಅಂದವರು ಎಲ್ಲ ಮರ್ಯಾದಸ್ಥರು, ಹಣೆಗೆ ವಿಭೂತಿ ಇಲ್ಲದೆ ನೀರು ಕುಡಿಯದವರು.

ಇದಾಗಿ ಎರಡು ವರ್ಷಕ್ಕೆ ಕೊಪ್ಪಳಕ್ಕೆ ಟೂರಿಂಗ್ ಟಾಕೀಸು ಬಂತು. ಊರ ಹೊರಗೆ ಡೇರೆ, ಒಳಗೆ ಮರಳು ಹಾಸಿದ ನೆಲ. ನನ್ನ ಅವ್ವ, ಅಕ್ಕ ಮತ್ತು ನಾನು ಒಂದು ಸಂಜೆ ಹೋದೆವು. ನನಗೆ ಆರು ವರ್ಷ, ನನಗೆ ನೆನಪಿರುವುದು ಕುದುರೆಗಳು ಮಾತ್ರ. ಕಥೆ ಆಮೇಲೆ ಅಕ್ಕ ಹೇಳಿದ್ದು. ಸಿನಿಮಾದಲ್ಲಿ ಒಬ್ಬ ರಾಣಿ. ಮೊಣಕಾಲು ಮುಟ್ಟುವ ಕೂದಲು ಆಕೆಗೆ. ಗಂಡನನ್ನು ಕೋಟೆಯ ಮೇಲಿನ ಸೆರೆಯಲ್ಲಿ ಇಟ್ಟಿರುತ್ತಾರೆ. ಅವನನ್ನು ಇಳಿಸಲು ರಾಣಿ ತನ್ನ ಜಡೆಯನ್ನು ತಾನೇ ಕೊಯ್ದು ಹಗ್ಗ ಹೆಣೆಯುತ್ತಾಳೆ. ಕತ್ತಿ ಜಡೆಗೆ ತಾಗಿದಾಗ ಅಕ್ಕ ನನ್ನ ಕೈ ಹಿಡಿದು ಎಷ್ಟು ಹಿಂಡಿದಳೆಂದರೆ ನಾನು ಅತ್ತೆ. ಆಕೆಯೂ ಅಳುತ್ತಿದ್ದಳು. ಡೇರೆಯಲ್ಲಿ ಹೆಣ್ಣುಮಕ್ಕಳೆಲ್ಲ ಗಂಡ ಬಿಡುಗಡೆಯಾದ ಅಂತ ಅತ್ತರು. ಅಕ್ಕ ಅತ್ತದ್ದು ಜಡೆ ಹೋಯಿತಲ್ಲ ಅಂತ.

ಎರಡು ದಿನದ ಮೇಲೆ ಹಟ ಹಿಡಿದು ಮತ್ತೆ ಅದೇ ಸಿನಿಮಾಕ್ಕೆ ಹೋದಳು, ನನ್ನನ್ನೂ ಎಳೆದುಕೊಂಡು. ಪರದೆಯ ಮೇಲೆ ರಾಣಿ ಬಂದಳು, ಮೊಣಕಾಲು ಮುಟ್ಟುವ ಕೂದಲು ಬಿಟ್ಟುಕೊಂಡು. ಅಕ್ಕ ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಅಂದಳು: "ಮೊನ್ನಿ ಕೊಯ್ಕೊಂಡಿದ್ಲಲ್ಲ, ಇವತ್ತ ಹೆಂಗ ಬಂತು?"

ಡೇರೆಗೆ ಡೇರೆಯೇ ನಕ್ಕಿತು. ಆಟ ಮುಗಿದ ಮೇಲೆ ಆಕೆ ನೇರ ಮನೆಗೆ ಹೊರಡಲಿಲ್ಲ. ಯಂತ್ರದ ಹತ್ತಿರ ರೀಲು ಸುತ್ತುತ್ತಿದ್ದ ಮನುಷ್ಯನ ಮುಂದೆ ಹೋಗಿ ನಿಂತಳು. ಅವನು ಮೇಲೆ ಕೆಳಗೆ ನೋಡಿದ. ಆಕೆಯ ತಲೆಯ ಮೇಲಿನ ಅರಿವೆ ನೋಡಿ ಏನು ತಿಳಿದನೋ, ನಗಲಿಲ್ಲ.

"ಅದು ಆಕಿ ಕೂದಲಲ್ಲವಾ. ಟೋಪನ್ ಅದು. ಒಂದೊಂದ ಕೂದಲ ಹಿಡದು ಬಲಿಗೆ ಗಂಟ ಹಾಕಿ ಮಾಡ್ತಾರ. ಹಣಿ ಮ್ಯಾಲ ನೋಡು, ಗೆರಿ ಕಾಣತೈತಿ."

ಇಷ್ಟೇ ಮಾತು. ಅವನ ಹೆಸರು ನಮಗೆ ಗೊತ್ತಿಲ್ಲ, ಆ ಟಾಕೀಸು ಮುಂದೆ ಯಾವ ಊರಿಗೆ ಹೋಯಿತೋ ಅದೂ ಗೊತ್ತಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮೋಸ ಹೋದೆ ಅಂದುಕೊಳ್ಳುತ್ತಿದ್ದರು. ಅಕ್ಕ ಕುಣಿಯುತ್ತ ಮನೆಗೆ ಬಂದಳು. ಕೂದಲು ದೇವರು ಕೊಟ್ಟರೆ ಮಾತ್ರ ಇರುತ್ತದೆ ಅಂತ ಆಕೆ ತಿಳಿದಿದ್ದಳು. ಕೈಯಿಂದ ಕಟ್ಟಬಹುದು ಅಂತ ಅವತ್ತು ತಿಳಿಯಿತು. ಡೇರೆ ಕೀಳುವವರೆಗೆ ಹೇಗೋ ಇನ್ನೂ ನಾಲ್ಕೈದು ಸಲ ಹೋದಳು. ಕಥೆ ನೋಡಲಿಲ್ಲ, ರಾಣಿಯ ಹಣೆ ನೋಡಿದಳು. ಆ ಗೆರೆ ಕಂಡಿತಂತೆ. "ಗೆರಿ ಕಾಣದಂಗ ಮಾಡಬೇಕು ತಮ್ಮಾ, ಅದು ಬರವಲ್ದು ಅವರಿಗೆ" ಅಂತ ಹತ್ತು ವರ್ಷದ ಹುಡುಗಿ ನನಗೆ ಹೇಳಿದ್ದಳು.

ನಮ್ಮ ಮನೆಯ ಸೊಳ್ಳೆಪರದೆಯ ಒಂದು ಮೂಲೆ ಮಾಯವಾಯಿತು. ಬಡಿಸಿಕೊಂಡದ್ದು ನಾನು. ಬಾಚಣಿಗೆಗೆ ಸಿಕ್ಕ ಕೂದಲನ್ನು ಓಣಿಯ ಹೆಂಗಸರು ಸುತ್ತಿ ಗೋಡೆಯ ಸಂದಿಗೆ ತುರುಕುತ್ತಿದ್ದರಲ್ಲ, ಅದನ್ನು ಬಿಡಿಸಿ ತಂದಳು. ಹೊಲಿಗೆ ಸೂಜಿಯ ಕಣ್ಣಿನ ಒಂದು ಬದಿ ಮುರಿದರೆ ಕೊಕ್ಕೆಯಾಗುತ್ತದೆ ಅಂತ ತಾನೇ ಕಂಡುಕೊಂಡಳು. ಯಾರೂ ಕಲಿಸಲಿಲ್ಲ. ಮುಂದೆ ಭಾಗ್ಯನಗರದಲ್ಲಿ ಕೂದಲಿನ ವ್ಯಾಪಾರ ಬೆಳೆದು, ಊರೂರಿಂದ ಮೂಟೆ ಬಂದು, ಮನೆಮನೆಯಲ್ಲಿ ಹೆಂಗಸರು ಕುಳಿತು ಕೂದಲು ಬಿಡಿಸಿ ಉದ್ದದ ಪ್ರಕಾರ ಕಟ್ಟು ಕಟ್ಟುವ ಕೆಲಸ ಶುರುವಾದಾಗ ಅಕ್ಕ ಅಲ್ಲಿ ಎಲ್ಲರಿಗಿಂತ ಮುಂದೆ ಇದ್ದಳು. ಎಳೆಯನ್ನು ಎರಡು ಬೆರಳ ನಡುವೆ ಎಳೆದು, ಕಣ್ಣು ಮುಚ್ಚಿಕೊಂಡು, ಬುಡ ಯಾವುದು ತುದಿ ಯಾವುದು ಹೇಳುತ್ತಿದ್ದಳು. ತುದಿಯ ಕಡೆಯಿಂದ ಎಳೆದರೆ ಕೂದಲು ಬೆರಳಿಗೆ ತಡೆಯುತ್ತದೆ. ಬುಡ ತುದಿ ಕಲೆತರೆ ಟೋಪನ್ ಒಂದೇ ವಾರದಲ್ಲಿ ಗಂಟು ಗಂಟು.

"ಕೂದಲಿನ ಬುಡ ತುದಿ ಗೊತ್ತಿರಬೇಕು ನೋಡು. ಮನುಷ್ಯಾರದು ಗೊತ್ತಿಲ್ದಿದ್ರೂ ನಡಿತೈತಿ" ಅನ್ನುತ್ತಿದ್ದಳು. ನಾನು ಹತ್ತನೆಯ ಇಯತ್ತೆ ಪಾಸಾಗಿ ಬಂದ ದಿನವೂ ಅದನ್ನೇ ಅಂದಳು, ನಗುತ್ತ.

ನಾನು ಅಂಗಡಿ ಇಟ್ಟಾಗ ನಮ್ಮ ಕಡೆ ನಾಟಕಕ್ಕೆ ಸಿಗುತ್ತಿದ್ದದ್ದು ಪುಂಡಿ ಗಿಡದ ನಾರಿಗೆ ಕಪ್ಪು ಬಣ್ಣ ಹಾಕಿದ ಟೋಪನ್. ಹಾಕಿಕೊಂಡವರ ಕುತ್ತಿಗೆ ಸಂಜೆಯಿಂದ ಬೆಳತನಕ ಕೆರೆತ. ಬೆವರಿಗೆ ಬಣ್ಣ ಇಳಿದು ರಾಣಿಯ ಕೆನ್ನೆ ಕಪ್ಪು. ಅಕ್ಕ ನನಗೆ ಮೊದಲನೆಯ ಟೋಪನ್ ಕಟ್ಟಿಕೊಟ್ಟಳು. ರೇಷ್ಮೆ ದಾರದ ಬಲೆ, ಒಂದೊಂದೇ ಎಳೆ. ಆರು ತಿಂಗಳ ಕೆಲಸ. ಯಲಬುರ್ಗಾ ಕಡೆಯ ಒಂದು ಹಳ್ಳಿಯವರು ಅದನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಿದರು. "ಏನ್ರಿ ಇದು, ಜೀವಂತ ಇದ್ದಂಗ ಐತಲ್ರಿ. ಎಲ್ಲಿಂದ ತರಿಸೀರಿ?"

"ಬೊಂಬಾಯಿ" ಅಂದೆ.

ಯಾಕೆ ಅಂದೆ? ಇವತ್ತಿಗೂ ನನ್ನನ್ನು ನಾನು ಕೇಳಿಕೊಳ್ಳುತ್ತೇನೆ. ನಾಟಕದ ಮಂದಿ ಟೋಪನ್‌ಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ ಆಮೇಲೆ ತಲೆಗೆ ಇಡುತ್ತಾರೆ. ಅದನ್ನು ಕಟ್ಟಿದವಳು ತಲೆಯಲ್ಲಿ ಕೂದಲಿಲ್ಲದ, ಮದುವೆಯಿಲ್ಲದ, ಎದುರಿಗೆ ಬಂದರೆ ಮಂದಿ ನಿಂತು ಬಿಡುವ ಹೆಣ್ಣು ಅಂತ ಗೊತ್ತಾದರೆ ನನ್ನ ಅಂಗಡಿಯ ಮೆಟ್ಟಿಲು ಯಾರು ಹತ್ತುತ್ತಾರೆ ಅಂತ ಲೆಕ್ಕ ಹಾಕಿದ್ದೆ. ನೋಡಿ ನಮ್ಮ ನ್ಯಾಯ. ಬೇರೆಯವರ ತಲೆಯಿಂದ ಉದುರಿದ ಕೂದಲು ರಾಣಿಯ ತಲೆ ಏರಿದರೆ ಶೃಂಗಾರ, ದೇವರಿಗೆ ಕೊಟ್ಟರೆ ಹರಕೆ. ಒಬ್ಬಳು ಹುಡುಗಿಯ ತಲೆಯಲ್ಲಿ ಅದು ಇಲ್ಲದಿದ್ದರೆ ಅಪಶಕುನ.

ಅಕ್ಕನಿಗೆ ಮೊದಮೊದಲು ಅದು ತಮಾಷೆಯಾಗಿತ್ತು. "ಬೊಂಬಾಯಿ ಎಲ್ಲೈತಪಾ? ನಮ್ಮ ಅಡಗಿಮನಿ ಹಿಂದ ಐತೇನು?" ಅಂದಳು. ಆ ಹಿಂದಿನ ಕೋಣೆಗೆ ಬೊಂಬಾಯಿ ಅಂತಲೇ ಹೆಸರಾಯಿತು. ಚಹಾ ಕುಡಿದು ಏಳುವಾಗ "ತಡಿ, ಬೊಂಬಾಯಿಗೆ ಹೋಗಿ ಕುಂದರ್ತೀನಿ, ಭಾಳ ಕೆಲಸ ಐತಿ" ಅನ್ನುವಳು. ನಾನೂ ನಗುತ್ತಿದ್ದೆ. ನಗುನಗುತ್ತಲೇ ಹತ್ತು ಹನ್ನೆರಡು ವರ್ಷ ಆಕೆಯ ಕೈಕೆಲಸಕ್ಕೆ ಬೇರೆ ಊರಿನ ಹೆಸರು ಹಚ್ಚಿ ಬಾಡಿಗೆಗೆ ಕೊಟ್ಟೆ. ಜಿಲ್ಲೆಯ ತುಂಬ ನನ್ನ ಹೆಸರು ಓಡಾಡಿತು.

ಆಕೆ ಕೇಳಿದ್ದು ಒಂದೇ. "ತಮ್ಮಾ, ಒಂದ ಸಲ ಬಣ್ಣದ ಮನ್ಯಾಗ ನಾನ ಹಾಕ್ತೀನಿ. ಕಟಗಿ ಹಣಿ ಮ್ಯಾಲ ನೋಡಿ ಸಾಕಾಗೇತಿ. ಖರೇ ಹಣಿ ಮ್ಯಾಲ ಕುಂದ್ರಸಬೇಕು ಅದನ್ನ. ನೀವು ಟೊಪ್ಪಿಗಿ ಹಾಕಿದಂಗ ಹಾಕ್ತೀರಿ."

ಮುಂದಿನ ಸಲ ಅಕ್ಕ, ಮುಂದಿನ ಸಲ. ವರ್ಷಗಟ್ಟಲೆ ಇದೇ ಉತ್ತರ ಕೊಟ್ಟೆ.

ಕುಷ್ಟಗಿ ತಾಲೂಕಿನ ಒಂದು ಹಳ್ಳಿ. ಊರ ಹೆಸರು ಬೇಡ. ಆ ಸಲ ಟೋಪನ್ ಹೊಸದು, ರಾಣಿಯ ಪಾತ್ರದ್ದು, ಆಕೆ ಅದುವರೆಗೆ ಕಟ್ಟಿದ್ದರಲ್ಲೇ ಶ್ರೇಷ್ಠ. ಮೊಣಕಾಲಿನವರೆಗೆ. ಯಾವ ರಾಣಿಯದು ಅಂತ ನನಗೆ ಗೊತ್ತಿತ್ತು. ಸಾಮಾನು ತುಂಬಿದ ಟೆಂಪೋದಲ್ಲಿ ಆಕೆಯೂ ಬಂದು ಕುಳಿತಳು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. "ಮುಂದ ಕುಂತು ನಾಟಕ ನೋಡು, ಒಳಗ ಬರಬ್ಯಾಡ" ಅಂದೆ. ಹೂಂ ಅಂದಳು.

ಶಾಲೆಯ ಒಂದು ಕೋಣೆಯೇ ನಟರು ವೇಷ ಕಟ್ಟಿಕೊಳ್ಳುವ ಬಣ್ಣದ ಮನೆಯಾಗಿತ್ತು. ಇನ್ನೂ ಬಿಸಿಲಿತ್ತು, ಕಿಟಕಿಯಿಂದ ಬೆಳಕು ಬೀಳುತ್ತಿತ್ತು. ರಾಣಿಯ ಪಾತ್ರಕ್ಕೆ ಹೊರಗಿನಿಂದ ಕರೆಸಿದ ಹೆಣ್ಣುಮಗಳು ಕನ್ನಡಿಯ ಮುಂದೆ ಕುಳಿತಿದ್ದಳು. ನಾನು ಟೋಪನ್ ಹಾಕಿದೆ. ಕೂಡಲಿಲ್ಲ. ಆಕೆಯ ಹಣೆ ಚಿಕ್ಕದು, ಬಲೆಯ ಅಂಚು ಹುಬ್ಬಿನ ಹತ್ತಿರ ಸುಕ್ಕಾಗಿ ನಿಂತಿತು. ಎಳೆದೆ, ಹಿಂದೆ ಸರಿಸಿದೆ, ಮತ್ತಷ್ಟು ಕೆಟ್ಟಿತು. ಆಗ ಬಾಗಿಲಲ್ಲಿ ಅಕ್ಕ.

"ಸರಿ ಸ್ವಲ್ಪ" ಅಂದಳು ನನಗೆ.

ಪಿನ್ನು ಬಾಯಲ್ಲಿಟ್ಟುಕೊಂಡಳು. ಪಾತ್ರದಾಕೆಯ ಗದ್ದ ಹಿಡಿದು ಮುಖ ಬೆಳಕಿಗೆ ತಿರುಗಿಸಿದಳು. ಬಲೆಯ ಅಂಚನ್ನು ಒದ್ದೆ ಬೆರಳಿನಿಂದ ಒತ್ತಿ, ಎರಡು ಕಡೆ ಒಳಗೆ ಮಡಿಚಿ, ಅಂಟು ಹಚ್ಚಿ, ಹಣೆಯ ಮೇಲಿನ ಸಣ್ಣ ಕೂದಲುಗಳನ್ನು ಒಂದೊಂದಾಗಿ ಮುಂದೆ ತಂದಳು. ನಾನು ನೋಡುತ್ತ ನಿಂತೆ. ಗೆರೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಪಾತ್ರದಾಕೆ ಕನ್ನಡಿ ನೋಡಿದಳು, ಮೆಲ್ಲಗೆ ಕೈ ಎತ್ತಿ ಆ ಕೂದಲು ಮುಟ್ಟಿಕೊಂಡಳು. ಅಕ್ಕನ ಮುಖದಲ್ಲಿ ಅವತ್ತು ಕಂಡದ್ದನ್ನು ನಾನು ಬೇರೆ ಯಾರ ಮುಖದಲ್ಲೂ ಕಂಡಿಲ್ಲ.

ಎರಡೂ ಕೈ ಕೆಲಸದಲ್ಲಿದ್ದವು. ತಲೆಯ ಮೇಲಿನ ಸೆರಗು ಯಾವಾಗ ಜಾರಿತೋ ಆಕೆಗೆ ತಿಳಿದಿರಲಿಲ್ಲ.

ಊರ ಹಿರಿಯರೊಬ್ಬರು ಪೂಜೆಯ ತಟ್ಟೆ ಹಿಡಿದು ಒಳಗೆ ಬಂದರು. ಬಂದವರು ಅಲ್ಲೇ ನಿಂತರು. "ಯಾರಿದು? ರಂಗಪೂಜಿ ಇನ್ನಾ ಆಗಿಲ್ಲ. ಇಂಥಾಕಿನ್ನ ಒಳಗ ಯಾರ ಬಿಟ್ರು?" ಹಿಂದೆ ಇನ್ನೂ ನಾಲ್ಕು ಮಂದಿ. "ಮಾಲಕರ, ಯಾರಿಕಿ? ನಿಮ್ಮ ಕೂಡ ಬಂದಾಕಿ ಏನು?"

ಎಲ್ಲರೂ ನನ್ನನ್ನು ನೋಡಿದರು. ಅಕ್ಕನೂ ನೋಡಿದಳು. ಆಕೆ ಹೆದರಿರಲಿಲ್ಲ. ಇವನು ಹೇಳುತ್ತಾನೆ ಅಂತ ಕಾದಿದ್ದಳು. ಹೇಳುವುದು ಎಷ್ಟು ಸುಲಭವಿತ್ತು. ಇದನ್ನೆಲ್ಲ ಕಟ್ಟಿದಾಕೆ ಈಕೆ ಅಂದರೆ ಮುಗಿಯುತ್ತಿತ್ತು.

"ಅಂಗಡ್ಯಾಗ ಕಸ ಹೊಡಿಯಾಕಿ ಅದಾಳ್ರಿ" ಅಂದೆ. "ಸಾಮಾನ ಹೊರಾಕ ಬಂದಾಳ." ಆಮೇಲೆ, ಕೇಳುವವರಿಗೆ ಸಾಕ್ಷಿಯಾಗಲಿ ಅಂತ, ಆಕೆಯ ಕಡೆ ತಿರುಗಿ ಗದರಿದೆ: "ಏಯ್, ನಡಿ ಹೊರಗ."

ಅಕ್ಕ ಬಾಯಿಂದ ಪಿನ್ನು ತೆಗೆದಳು. ಒಂದು, ಎರಡು, ಮೂರು. ಪಾತ್ರದಾಕೆಯ ಅಂಗೈಯಲ್ಲಿಟ್ಟು, "ಹಿಂದಿನ ಬದಿಗೆ ಹಾಕ್ಕೋ ತಂಗಿ, ಜಗ್ಗೂದಿಲ್ಲ" ಅಂದಳು. ಸೆರಗು ತಲೆಯ ಮೇಲೆ ಎಳೆದುಕೊಂಡು ಹೊರಟಳು. ಬಾಗಿಲಲ್ಲಿದ್ದ ಗಂಡಸರು ಆಕೆಯ ಸೆರಗು ತಾಗೀತು ಅಂತ ಗೋಡೆಗೆ ಒತ್ತಿ ನಿಂತರು. ಟೋಪನ್‌ಗೆ ಆಕಳ ಗಂಜಲ ಚಿಮುಕಿಸಿದರು, ಕುಂಕುಮ ಹಚ್ಚಿದರು. ಪಾತ್ರದಾಕೆಯೊಬ್ಬಳೇ, "ಆ ಅಕ್ಕಾರನ್ನ ಕರೀರಿ, ಟೋಪನ್ ಇನ್ನೊಮ್ಮಿ ಬಿಗಿ ಮಾಡೂದೈತಿ ನಂದು" ಅಂತ ಎರಡು ಸಲ ಕೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವತ್ತಿನ ನಾಟಕದಲ್ಲಿ ರಾಣಿ ರಂಗದ ಮೇಲೆ ಬಂದಾಗ ಬಿದ್ದ ಚಪ್ಪಾಳೆ ಇನ್ನೂ ಕಿವಿಯಲ್ಲಿದೆ. "ಬೊಂಬಾಯಿ ಮಾಲ ಅಂದ್ರ ಬೊಂಬಾಯಿ ಮಾಲನ" ಅಂದರು ಅದೇ ಹಿರಿಯರು, ನನ್ನ ಬೆನ್ನು ತಟ್ಟಿ. ಅಕ್ಕ ಆಗಲೇ ಸಂಜೆಯ ಬಸ್ಸು ಹತ್ತಿ ಹೋಗಿದ್ದಳು.

ಎಂಟು ದಿನ ಬಿಟ್ಟು ಭಾಗ್ಯನಗರಕ್ಕೆ ಹೋದೆ. ಹೇಳಬೇಕಾದ್ದನ್ನೆಲ್ಲ ದಾರಿಯಲ್ಲಿ ಜೋಡಿಸಿಕೊಂಡಿದ್ದೆ: ಮಂದಿ ಅಂಥವರು, ಕಾಲ ಅಂಥದ್ದು, ನಾನೇನು ಮಾಡಲಿ. ಆಕೆ ಕೇಳಿದಳು, ಪೂರ್ತಿ ಕೇಳಿದಳು. ಅರ್ಧ ಕಟ್ಟಿದ ಎರಡು ಟೋಪನ್ ತಂದು ನನ್ನ ಕೈಗಿಟ್ಟಳು.

"ಕಸ ಹೊಡಿಯಾಕಿ ಅಂದದ್ದಕ್ಕ ನನಗೇನೂ ಇಲ್ಲ ತಮ್ಮಾ. ಮಂದಿ ತಲಿಯಿಂದ ಉದುರಿದ ಕಸಾನ ನಾ ಆರಸೂದು. ಆದ್ರ ನೀ ನನ್ನ ಮುಖ ನೋಡಿ ಅಂದಿ. ಗೋಡಿ ನೋಡಿ ಅಂದಿದ್ರ ತಡಕೋತಿದ್ದೆ." ಆಮೇಲೆ ಬಾಗಿಲು ಹಾಕುತ್ತ ಅಂದಳು: "ಇನ್ನ ಮುಂದ ಬೊಂಬಾಯಿಂದನ ತರಿಸ್ಕೋ."

ತರಿಸಿಕೊಂಡೆ. ನೈಲಾನಿನವು. ಹಣೆಯ ಮೇಲೆ ಗೆರೆ ಒಂದು ಹರದಾರಿಯಿಂದ ಕಾಣುವಂಥವು. ಆದರೆ ಆಕೆ ಕಟ್ಟಿದ ಹಳೆಯವನ್ನು ಬಿಡಲಿಲ್ಲ, ಇನ್ನೂ ಇಪ್ಪತ್ತು ವರ್ಷ ಬಾಡಿಗೆಗೆ ಕೊಟ್ಟೆ. ಅವು ಹಾಳಾಗಲಿಲ್ಲ. ಬೊಂಬಾಯಿಯ ಮಾತು ಎಲ್ಲರಿಗೂ ಮರೆತುಹೋಗಿ, ಕೊಪ್ಪಳದಲ್ಲಿ ಒಂದು ಸಮಾರಂಭದಲ್ಲಿ ಟೋಪನ್ ಕಲೆಯ ಸಾಧಕ ಅಂತ ನನಗೆ ಶಾಲು ಹೊದಿಸಿದಾಗ, ಮೇಜಿನ ಮೇಲೆ ಪ್ರದರ್ಶನಕ್ಕೆ ಇಟ್ಟದ್ದು ಆ ರಾಣಿಯ ಟೋಪನ್ನೇ. ಫೋಟೋ ಪೇಪರಿನಲ್ಲಿ ಬಂತು. ಅಕ್ಕ ಪೇಪರು ಓದುತ್ತಿದ್ದಳು. ನೋಡಿರಲೇಬೇಕು. ಒಂದು ಮಾತೂ ಹೇಳಿ ಕಳಿಸಲಿಲ್ಲ. ಬೈದು ಕಳಿಸಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಆ ಹಗುರವನ್ನೂ ಆಕೆ ನನಗೆ ಕೊಡಲಿಲ್ಲ, ಸರಿಯಾಗಿಯೇ ಮಾಡಿದಳು.

ಕೆಲಸವನ್ನು ಮಾತ್ರ ಬಿಟ್ಟಿರಲಿಲ್ಲ. ಕ್ಯಾನ್ಸರಿನ ಔಷಧಿಗೆ ಕೂದಲು ಉದುರಿದ ಹೆಣ್ಣುಮಕ್ಕಳಿಗೆ ಕಟ್ಟಿಕೊಡತೊಡಗಿದ್ದಳು. ಯಾರೋ ಒಬ್ಬಳಿಗೆ ಕಟ್ಟಿದಳಂತೆ, ಆಕೆ ಇನ್ನೊಬ್ಬಳಿಗೆ ಹೇಳಿದಳಂತೆ. ಇದು ನನಗೆ ಗೊತ್ತಾದದ್ದು ನನ್ನ ಹೆಂಡತಿಗೇ ಹುಬ್ಬಳ್ಳಿಯಲ್ಲಿ ಚಿಕಿತ್ಸೆಯಾಗಿ, ತಲೆದಿಂಬಿನ ಮೇಲೆ ಕೂದಲು ಕಟ್ಟುಕಟ್ಟಾಗಿ ಉಳಿಯತೊಡಗಿದಾಗ. ಮನೆಯ ಕನ್ನಡಿಗಳನ್ನೆಲ್ಲ ಆಕೆ ಗೋಡೆಗೆ ತಿರುಗಿಸಿ ಇಟ್ಟಳು. ನಾನು ಅಂಗಡಿಯ ಪೆಟ್ಟಿಗೆಯಿಂದ ಒಂದು ಟೋಪನ್ ತಂದೆ.

"ನಿಮ್ಮ ನೈಲಾನ್ ನೀವ ಹಾಕ್ಕೋರಿ" ಅಂದಳು. "ನನ್ನ ಭಾಗ್ಯನಗರದ ಅಕ್ಕಾರ ಕಡೆ ಕರಕೊಂಡು ಹೋಗ್ರಿ."

"ಯಾವ ಮುಖ ಹೊತ್ತು ಹೋಗ್ಲಿ ನಾನು?"

"ನಿಮ್ಮ ಮುಖ ಯಾರ ನೋಡಬೇಕಾಗೇತಿ? ತಲಿ ನಂದು. ನೀವು ಹೊರಗ ಕಟ್ಟಿ ಮ್ಯಾಲ ಕುಂದ್ರರಿ."

ಕುಳಿತೆ. ಕಿಟಕಿ ತೆರೆದಿತ್ತು, ಒಳಗಿನದೆಲ್ಲ ಕೇಳುತ್ತಿತ್ತು. "ಬಾರವಾ ತಂಗಿ. ಕಣ್ಣ ಮುಚ್ಚು. ಹಣಿ ಸಡ್ಲ ಬಿಡು, ಯಾಕ ಗಂಟ ಹಾಕ್ಕೊಂಡಿ?" ಅದೇ ದನಿ. ಪೆಟ್ಟಿಗೆ ತೆರೆದ ಸದ್ದಾಯಿತು, ಮೊದಲೇ ಕಟ್ಟಿಟ್ಟ ಒಂದು ಟೋಪನ್ ತೆಗೆದು ಹಾಕುತ್ತಿದ್ದಳು. ಆಮೇಲೆ ಹೆಂಡತಿ ಕೇಳಿದಳು: "ಅಕ್ಕಾರ, ನೀವ ಯಾಕ ಒಂದು ಹಾಕ್ಕೊಳ್ಳಲಿಲ್ರಿ?"

"ನಾ ಹಾಕ್ಕೊಂಡ್ರ ನನಗ ಕಾಣೂದಿಲ್ಲವಾ. ನಿನ್ನ ತಲಿ ಮ್ಯಾಲಿದ್ರ ಕಾಣತೈತಿ."

ಹೆಂಡತಿ ಕನ್ನಡಿ ನೋಡಿರಬೇಕು. ನಾಲ್ಕು ತಿಂಗಳಲ್ಲಿ ಮೊದಲ ಸಲ ಆಕೆಯ ನಗು ಕೇಳಿದೆ. "ಹೊರಗ ಯಾರವಾ, ನೆಳ್ಳ ಕಾಣತೈತಿ?" ಅಂತ ಅಕ್ಕ ಕೇಳಿದಳು. ಕುಷ್ಟಗಿಯ ಕಥೆ ಟೆಂಪೋದವನ ಬಾಯಿಂದ ನನ್ನ ಹೆಂಡತಿಗೆ ಎಂದೋ ಮುಟ್ಟಿತ್ತು. ನನಗೆ ಕೇಳಲಿ ಅಂತಲೇ ಗಟ್ಟಿಯಾಗಿ ಅಂದಳು: "ಯಾರೂ ಅಲ್ರಿ. ಸಾಮಾನ ಹೊರಾಕ ಬಂದಾರ."

"ಹಂಗ ಅನಬಾರ್ದವಾ ಮನುಷ್ಯಾರಿಗೆ" ಅಂದಳು ಅಕ್ಕ.

ಅಷ್ಟಕ್ಕೆ ನಾನು ಎದ್ದು ಒಳಗೆ ಹೋದೆ. ಕಾಲು ಹಿಡಿಯಲು ಹೋದೆ, ಹಿಡಿಯಗೊಡಲಿಲ್ಲ. ಅಳುತ್ತ ತಪ್ಪಾಯಿತು ಅಂದೆ, ಶಾಲಿನ ಮಾತೂ ಹೇಳಿದೆ. ಆಕೆ ಬಲೆಯ ಮೇಲಿಂದ ಕಣ್ಣು ಎತ್ತಲಿಲ್ಲ.

"ಇಲ್ಲಿ ಯಾಕ ಹೇಳ್ತಿ? ಇಲ್ಲಿರಾಕಿ ನಾನು, ನಿನ್ನ ಹೆಂಡತಿ, ಈ ಕಟಗಿ ತಲಿ. ನಮಗ ಮೂವರಿಗೂ ಗೊತ್ತೈತಿ. ಗೊತ್ತಿಲ್ದವ್ರು ಅದಾರಲ್ಲ, ಅಲ್ಲಿ ಹೋಗಿ ಹೇಳು. ಬಣ್ಣದ ಮನ್ಯಾಗ ಅಂದಿ, ಬಣ್ಣದ ಮನ್ಯಾಗನ ಹೇಳು. ನಾ ಬದುಕಿರೂದ್ರಾಗ ಹೇಳಿದ್ರ ಛಲೋ. ಬಂದು ಕೇಳ್ತೀನಿ."

"ಈ ವರ್ಷನ ಹೇಳ್ತೀನಿ ಅಕ್ಕಾ" ಅಂದೆ.

ಆ ವರ್ಷ ಹೇಳಲಿಲ್ಲ. ಮರುವರ್ಷ ಮೊಣಕಾಲು ನೋವು. ಅದರ ಮರುವರ್ಷ ಚುನಾವಣೆ ಬಂತು, ಊರಲ್ಲಿ ಎರಡು ಗುಂಪಾಗಿದೆ, ನಾಟಕವಿಲ್ಲ ಅಂದರು. ಒಂದು ವರ್ಷ ಅಂಗಿ ಹಾಕಿಕೊಂಡು ಬಸ್ ನಿಲ್ದಾಣದವರೆಗೆ ಹೋಗಿ ತಿರುಗಿ ಬಂದೆ. ಅಕ್ಕ ಒಮ್ಮೆಯೂ ನೆನಪು ಮಾಡಲಿಲ್ಲ. ಟೋಪನ್ ಬಾಚಿಸಿಕೊಳ್ಳಲು ಹೆಂಡತಿ ಹೋದಾಗ "ತಮ್ಮ ಆರಾಮ ಅದಾನೇನು?" ಅಂತಷ್ಟೇ ಕೇಳುತ್ತಿದ್ದಳಂತೆ.

ಹೋದ ವರ್ಷ ಮಳೆಗಾಲ ಮುಗಿಯುವಾಗ ಅಕ್ಕ ಹೋದಳು. ಕೆಲಸಕ್ಕೆ ಕುಳಿತಲ್ಲೇ ಒರಗಿದಳಂತೆ. ನಾವು ಮುಟ್ಟುವ ಹೊತ್ತಿಗೆ ಅಂಗಳದ ತುಂಬ ಹೆಣ್ಣುಮಕ್ಕಳು. ಶ್ರೀರಾಮನಗರದಿಂದ ಬಂದ ಇಬ್ಬರು ತೆಲುಗಿನಲ್ಲಿ ಅಳುತ್ತಿದ್ದರು. ಸಾಣಾಪುರದ ಕಡೆಯ ಒಬ್ಬಳು ಎಳೆಯ ಹುಡುಗಿ, ತನ್ನ ಕೂದಲು ಮತ್ತೆ ಬೆಳೆದಿದೆ ಅಂತ ತೋರಿಸಲು ಬಂದವಳು, ಹೆಣ ನೋಡಬೇಕಾಯಿತು. ನಾಟಕದ ಮಂದಿ ಒಬ್ಬರೂ ಇರಲಿಲ್ಲ. ಹೇಗೆ ಬರುತ್ತಾರೆ? ಮೂವತ್ತು ವರ್ಷ ಅವರ ರಾಣಿಯರ ತಲೆ ಮುಚ್ಚಿದವಳು ಭಾಗ್ಯನಗರದಲ್ಲಿದ್ದಳು ಅಂತ ಅವರಿಗೆ ಹೇಳಿದವರಾರು? ಸಿನಿಮಾ ಡೇರೆಯಲ್ಲಿ ಯಾರೂ ಕೇಳದ ಪ್ರಶ್ನೆ ಎದ್ದುನಿಂತು ಕೇಳಿ, ಅದರ ಉತ್ತರವನ್ನೇ ಬದುಕು ಮಾಡಿಕೊಂಡ ಹೆಂಗಸು. ಆಕೆಗೆ ಒಂದು ಹಾರ ತರಬೇಕು ಅಂತ ಯಾರಿಗೂ ತಿಳಿಯದ ಹಾಗೆ ನೋಡಿಕೊಂಡವನು ನಾನು.

ಈ ವರ್ಷ ಹೋದೆ. ಅದೇ ಹಳ್ಳಿ, ಅದೇ ಶಾಲೆ, ಕೋಣೆಗೆ ಹೊಸ ಬಣ್ಣ. ಆ ಹಿರಿಯರು ತೀರಿಕೊಂಡು ಬಹಳ ದಿನವಾಗಿದೆ. ಹುಡುಗರು ಗುರುತು ಹಿಡಿದು ಕುರ್ಚಿ ಕೊಟ್ಟರು, ರಂಗಪೂಜೆಗೆ ಮುಂಚೆ ಎರಡು ಮಾತು ಆಡಿರಿ ಅಂದರು. ಬಣ್ಣದ ಮನೆಯಲ್ಲೇ ಆಡುತ್ತೇನೆ ಅಂದೆ. ಬಣ್ಣ ಹಚ್ಚಿಕೊಂಡವರು, ಹಚ್ಚಿಕೊಳ್ಳುತ್ತಿದ್ದವರು ಹತ್ತು ಹದಿನೈದು ಮಂದಿ ಇದ್ದರು. ನಿಂತು ಹೇಳಿದೆ. ಯಾರು ಕಟ್ಟಿದರು, ನಾನು ಏನಂದೆ, ಇದೇ ಕೋಣೆಯಲ್ಲಿ ಯಾವ ಬಾಗಿಲಿಂದ ಹೊರಗೆ ಹಾಕಿದೆ, ಎಲ್ಲ ಹೇಳಿದೆ.

ಯಾರೂ ಸಿಟ್ಟಾಗಲಿಲ್ಲ. ಅದೇ ನನಗೆ ಸಿಟ್ಟು. ಒಬ್ಬ ಮೊಬೈಲು ನೋಡುತ್ತಿದ್ದ. ಆ ಹಿರಿಯರ ಮೊಮ್ಮಗ ನನ್ನ ಹೆಗಲ ಮೇಲೆ ಕೈ ಇಟ್ಟು, "ಹೋಗ್ಲಿ ಬಿಡ್ರಿ ಅಜ್ಜಾರ, ಹಳೇದು ಯಾಕ ಈಗ" ಅಂದ. ಹೊರಗೆ ಗಂಟೆ ಬಾರಿಸಿದರು, ಪೂಜೆಗೆ ಹೊತ್ತಾಯಿತು ಅಂತ ಎಲ್ಲರೂ ಎದ್ದರು.

ಎದುರು ಸ್ಟೂಲಿನ ಮೇಲೆ ಪಾತ್ರದ ಹುಡುಗಿಯೊಬ್ಬಳು ಅರ್ಧ ಮುಖಕ್ಕೆ ಬಣ್ಣ ಹಚ್ಚಿಕೊಂಡು ಕುಳಿತಿದ್ದಳು. ಇಪ್ಪತ್ತರ ಒಳಗಿನವಳು. ಏಳಲಿಲ್ಲ.

"ಆ ಅಮ್ಮಾರು ಈಗ ಎಲ್ಲಿರತಾರ್ರಿ?"

"ಇಲ್ಲವಾ. ಹೋದ ವರ್ಷ ಹೋದ್ಲು."

ಬಣ್ಣದ ಬಟ್ಟಲು ಕೆಳಗಿಟ್ಟಳು. "ಮತ್ತ ಇಷ್ಟು ವರ್ಷ ಯಾಕ ಸುಮ್ಮನಿದ್ರಿ ಅಜ್ಜಾ? ಅಂಜಿದ್ರೇನು?"

ಹೌದು ಅನ್ನಬಹುದಿತ್ತು. ಅಂಜಿದವನನ್ನು ಮಂದಿ ಕ್ಷಮಿಸುತ್ತಾರೆ. ಆದರೆ ಆ ಕೋಣೆಯಲ್ಲಿ ನಿಂತು ಇನ್ನೊಂದು ಸುಳ್ಳು ಹೇಳಲು ಆಗಲಿಲ್ಲ.

"ಅಂಜಿಕಿ ಮೊದಲನೇ ದಿವಸ ಅಷ್ಟ ಇತ್ತವಾ" ಅಂದೆ. "ಆಮ್ಯಾಲ ಸುಮ್ಮನಿರೂದ ಆರಾಮ ಇತ್ತು."

ಹುಡುಗಿ ಕನ್ನಡಿಯ ಕಡೆ ತಿರುಗಿ ಉಳಿದ ಅರ್ಧ ಮುಖಕ್ಕೆ ಬಣ್ಣ ಹಚ್ಚಿಕೊಳ್ಳತೊಡಗಿದಳು.